ಬೆಂಚಿನಲ್ಲಿ ಕುಳಿತು ಎಣಿಸಿದ್ದು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಿರೂಪಣೆ ಮಾಡುತ್ತಿರುವವರು ನನ್ನನ್ನು "ಪ್ರೊ ಕಬಡ್ಡಿಯಲ್ಲಿ ಮಿಂಚಿದ ನಮ್ಮೂರ ಹೆಮ್ಮೆ" ಎಂದು ಕರೆದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಆ ಚಪ್ಪಾಳೆಯನ್ನು ಇಷ್ಟು ವರ್ಷ ಸುಮ್ಮನೆ ತೆಗೆದುಕೊಳ್ಳುತ್ತಾ ಬಂದಿದ್ದೇನೆ. ಇವತ್ತು ಮಾಸ್ಟ್ರ ಎದುರಿಗೆ ಹಾಗೆ ಮಾಡಲು ಮನಸ್ಸು ಬರುತ್ತಿಲ್ಲ. ನಾನು ಮಿಂಚಲಿಲ್ಲ. 2017ರ ಐದನೇ ಆವೃತ್ತಿಯಲ್ಲಿ ಒಂದು ತಂಡದ ಜೊತೆ ಮೂರು ತಿಂಗಳು ಇದ್ದೆ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 22 ಪಂದ್ಯ. ಅದರಲ್ಲಿ ನಾನು ಅಂಕಣಕ್ಕೆ ಇಳಿದದ್ದು ಎರಡು ಪಂದ್ಯದಲ್ಲಿ. ಎರಡೂ ಸೇರಿ ಏಳು ನಿಮಿಷ ಆಗಿರಬಹುದು. ಉಳಿದ ಹೊತ್ತೆಲ್ಲ ಬೆಂಚಿನಲ್ಲಿ, ಡ್ರೆಸ್ಸಿಂಗ್ ರೂಮಿನಲ್ಲಿ, ಬಸ್ಸಿನಲ್ಲಿ ಮತ್ತು ಹೋಟೆಲಿನಲ್ಲಿ ಕಳೆಯಿತು. ಹಾಗಾಗಿ ನನಗೆ ಗೊತ್ತಿರುವುದು ಆ ಜಾಗಗಳ ವಿಷಯ. ಅದನ್ನೇ ಹೇಳುತ್ತೇನೆ.

ನಾವು ಹೈಸ್ಕೂಲಿನಲ್ಲಿದ್ದಾಗ ಕಾಪು ತಾಲೂಕಾಗಿರಲಿಲ್ಲ, ನಮ್ಮದು ಉಡುಪಿ ತಾಲೂಕು. ವಲಯ ಮಟ್ಟ ಗೆದ್ದರೆ ಮುಂದೆ ಅಜ್ಜರಕಾಡು. ಅಲ್ಲಿಯ ಜಿಲ್ಲಾ ಕ್ರೀಡಾಂಗಣದ ಗ್ಯಾಲರಿ ಮೊದಲ ಸಲ ನೋಡಿದಾಗ, ಇಷ್ಟು ಮೆಟ್ಟಿಲು ಯಾಕೆ, ಇಷ್ಟು ಜನ ಎಲ್ಲಿಂದ ಬರುತ್ತಾರೆ ಎಂದು ಮಾಸ್ಟ್ರನ್ನು ಕೇಳಿದ್ದೆ. ನಮ್ಮ ತಂಡಕ್ಕೆ ಆಗ ಏಳೇ ಜೆರ್ಸಿ. ಬದಲಿ ಆಟಗಾರ ಒಳಗೆ ಹೋಗಬೇಕಾದರೆ ಹೊರಗೆ ಬಂದವನ ಬೆವರಿದ ಬನಿಯನ್ನನ್ನೇ ಹಾಕಿಕೊಳ್ಳಬೇಕು. ಬಟ್ಟೆ ಬದಲಿಸುವುದು ಎಂಟನೇ ತರಗತಿಯ ಹಿಂಬದಿಯಲ್ಲಿ, ಬೇಲಿಯ ಆಚೆ. ಪಂದ್ಯ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಒಬ್ಬ ನೀರು ಸೇದಿದರೆ ಆರು ಜನ ಕಾಲು ತೊಳೆಯುವುದು. ಆಮೇಲೆ ಒಂದು ಚಂಬು ನೀರು ಮಜ್ಜಿಗೆ. ನಮ್ಮ ಡ್ರೆಸ್ಸಿಂಗ್ ರೂಮ್ ಅಷ್ಟೇ.

ಮಾಸ್ಟ್ರು ಶಿಳ್ಳೆಯನ್ನು ಜಾಸ್ತಿ ಊದುತ್ತಿರಲಿಲ್ಲ. ಆದರೆ ದಾಳಿಗೆ ಹೊರಟವನಿಗೆ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಸುರುಟು ತರೆ ಲೆಕ್ಕ ಮಲ್ಪು ಮಾರಾಯಾ." ಮೊದಲು ತಲೆ ಎಣಿಸು. ಎದುರಿಗೆ ಎಷ್ಟು ಜನ ಇದ್ದಾರೆ ಎಂದು ಗೊತ್ತಾಗದೆ ಗೆರೆ ದಾಟಬೇಡ. ನಮಗೆ ಅದು ತಮಾಷೆಯ ಮಾತಾಗಿತ್ತು. ಗಣಿತದಲ್ಲಿ ಫೇಲಾದವನಿಗೂ ಏಳರವರೆಗೆ ಎಣಿಸಲು ಬರುವುದಿಲ್ಲವೇ ಎಂದು ಹಿಂದಿನಿಂದ ನಗುತ್ತಿದ್ದೆವು.

ಹೈಸ್ಕೂಲಿನಿಂದ ಲೀಗಿನವರೆಗಿನ ದಾರಿಯನ್ನು ಉದ್ದಕ್ಕೆ ಹೇಳುವುದಿಲ್ಲ. ಕಾಲೇಜು ತಂಡ, ವಿಶ್ವವಿದ್ಯಾನಿಲಯ ತಂಡ, ಡಿಸೆಂಬರ್‌ನಿಂದ ಮೇವರೆಗೆ ಎಲ್ಲ ಊರಿನ ಹೊನಲು ಬೆಳಕಿನ ಪಂದ್ಯಾಟ. ನಮ್ಮ ಕಡೆಯ ಎಲ್ಲ ಕಬಡ್ಡಿ ಹುಡುಗರ ದಾರಿ ಅದೇ. ಕಾರ್ಕಳದ ಕಡೆ ಒಂದು ಪಂದ್ಯಾಟದಲ್ಲಿ ಉತ್ತಮ ದಾಳಿಗಾರ ಎಂದು ಒಂದು ಮಿಕ್ಸರ್ ಗ್ರೈಂಡರ್ ಸಿಕ್ಕಿತ್ತು. ನನ್ನ ಕ್ರೀಡಾ ಜೀವನದಲ್ಲಿ ಅಮ್ಮನಿಗೆ ನಿಜವಾಗಿ ಉಪಯೋಗಕ್ಕೆ ಬಂದ ಬಹುಮಾನ ಅದೊಂದೇ. 2017ರಲ್ಲಿ ಲೀಗಿನ ತಂಡಗಳು 8ರಿಂದ 12ಕ್ಕೆ ಏರಿದವು. ಹುಡುಗರು ಬೇಕಾಯಿತು. ಆಯ್ಕೆ ಶಿಬಿರಕ್ಕೆ ಹೋದೆ, ಕರೆ ಬಂತು. ಆ ವರ್ಷದ ಹರಾಜಿನಲ್ಲಿ ನಿತಿನ್ ತೋಮರ್ ಅವರಿಗೆ 93 ಲಕ್ಷ ಸಿಕ್ಕಿದ್ದು ಪೇಪರಿನಲ್ಲಿ ಬಂದಿತ್ತು. ನನಗೂ ಹೆಚ್ಚುಕಡಿಮೆ ಅಷ್ಟೇ ಎಂದು ಊರಿನಲ್ಲಿ ಸುದ್ದಿಯಾಯಿತು. ಮೂರು ಯುವಕ ಮಂಡಲದವರು ಚಂದಾ ಪುಸ್ತಕ ಹಿಡಿದುಕೊಂಡು ಮನೆಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಆಳೆತ್ತರದ ಫ್ಲೆಕ್ಸ್ ಎದ್ದಿತು.

ಸೀಸನ್ನಿನ ಮೊದಲ ಪಂದ್ಯಗಳು ಟಿವಿಯಲ್ಲಿ ನೋಡಿದಾಗ ಭರ್ಜರಿ ಕಾಣುತ್ತವೆ. ಒಳಗಿನಿಂದ ನೋಡಿದರೆ ಎಲ್ಲರೂ ಹೆದರಿರುತ್ತಾರೆ. ಶಿಬಿರದಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಹಿಡಿತಗಾರರ ಜೋಡಿ ಕೂಡಿರುವುದಿಲ್ಲ. ಕಾರ್ನರಿನವನೂ ಕವರಿನವನೂ ಕೈ ಕೈ ಹಿಡಿದು ನಿಲ್ಲುತ್ತಾರಲ್ಲ, ಆ ಬೆರಳುಗಳಿಗೆ ಇನ್ನೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಂದಿರುವುದಿಲ್ಲ. ಒಬ್ಬ ಅವಸರದಲ್ಲಿ ನುಗ್ಗುತ್ತಾನೆ, ಇನ್ನೊಬ್ಬ ಅಲ್ಲೇ ನಿಂತಿರುತ್ತಾನೆ, ದಾಳಿಗಾರ ಇಬ್ಬರನ್ನೂ ಮುಟ್ಟಿ ಹೋಗಿಯಾಗಿರುತ್ತದೆ. ಹತ್ತು ಪಂದ್ಯ ಆದ ಮೇಲೆ ಅದೇ ಜೋಡಿ, ಬೆರಳು ಸ್ವಲ್ಪ ಒತ್ತಿದರೆ ಸಾಕು, ಒಟ್ಟಿಗೆ ಹಾರುತ್ತದೆ. ನಡುವೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಒಟ್ಟಿಗೆ ಸೋತಿರುತ್ತಾರೆ, ಅಷ್ಟೇ.

ಡ್ರೆಸ್ಸಿಂಗ್ ರೂಮಿನಲ್ಲಿ ಮೊದಲ ದಿನ ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂದು ಬರೆದಿರುವುದಿಲ್ಲ. ಮೂರನೇ ಪಂದ್ಯದ ಹೊತ್ತಿಗೆ ಎಲ್ಲರ ಜಾಗ ತಾನಾಗಿಯೇ ನಿಗದಿಯಾಗಿರುತ್ತದೆ. ನಾಯಕನಿಗೆ ಮೂಲೆ. ಮುಖ್ಯ ದಾಳಿಗಾರನ ಪಕ್ಕ ಫಿಸಿಯೋ, ಅವನ ಟೇಪು, ಐಸಿನ ಡಬ್ಬ. ನಮ್ಮಂಥ ಹೊಸಬರಿಗೆ ಬಾಗಿಲ ಹತ್ತಿರ. ಯಾರು ಒಳಗೆ ಬಂದರೂ ನಾವು ಕಾಲು ಮಡಚಿಕೊಳ್ಳಬೇಕು. ಮಾತೆಲ್ಲ ಹಿಂದಿ, ಅದೂ ಹರಿಯಾಣದ ಹಿಂದಿ. ನಮ್ಮ ಹತ್ತನೇ ತರಗತಿಯ ಹಿಂದಿ ಅಲ್ಲಿ ನೀರು ಕೇಳಲೂ ಸಾಲಲಿಲ್ಲ. ಅವರಿಗೆ ರೊಟ್ಟಿ, ತುಪ್ಪ, ಹಾಲು. ನಾನು ರಾತ್ರಿ ಮಲಗಿ ಕುಚ್ಚಲಕ್ಕಿ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ನೆನೆಸಿಕೊಳ್ಳುತ್ತಿದ್ದೆ. ಆಗ ಲೀಗು ಊರೂರು ಸುತ್ತುತ್ತಿತ್ತು. ಒಂದು ವಾರ ಒಂದು ನಗರ, ಮತ್ತೆ ಪೆಟ್ಟಿಗೆ ಕಟ್ಟು. ಯಾವ ಊರಿನಲ್ಲಿದ್ದೇವೆ ಎಂದು ಹೋಟೆಲಿನ ಸಾಬೂನಿನ ಮೇಲಿನ ಹೆಸರು ನೋಡಿ ತಿಳಿದುಕೊಂಡದ್ದೂ ಇದೆ.

ಮೊದಲ ಮೂರು ಪಂದ್ಯ ನಾನು ಏಳಲಿಲ್ಲ. ನಾಲ್ಕನೆಯದರಲ್ಲಿ ಕೊನೆಯ ನಾಲ್ಕು ನಿಮಿಷ ಇರುವಾಗ ನಮ್ಮ ಒಬ್ಬ ದಾಳಿಗಾರನ ಪಾದ ಉಳುಕಿತು. ನಾವು ಮೂರು ಅಂಕ ಹಿಂದೆ. ಕೋಚ್ ನನ್ನ ಕಡೆ ತಿರುಗಿದರು. ಒಳಗೆ ಹೋದೆ. ಎರಡು ದಾಳಿ ಆಗಲೇ ಖಾಲಿ ಹೋಗಿತ್ತು, ಹಾಗಾಗಿ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕ ತಾರದೆ ಮರಳಿದರೂ ದಾಳಿಗಾರ ಔಟ್. ನಾಯಕ ನನ್ನ ಬೆನ್ನು ತಟ್ಟಿದ.

ಆ ಬೆಳಕು, ಆ ಸದ್ದು ಹೇಗಿತ್ತೆಂದು ಹೇಳಲು ಬರುವುದಿಲ್ಲ. ನಮ್ಮ ಗದ್ದೆಯ ಪಂದ್ಯಾಟದಲ್ಲಿ ಸಾವಿರ ಜನ ಕೂಗಿದರೂ ಆಕಾಶಕ್ಕೆ ಹೋಗುತ್ತದೆ. ಅಲ್ಲಿ ಮಾಡಿನ ಅಡಿಯಲ್ಲಿ ಅದು ತಿರುಗಿ ತಲೆಯ ಮೇಲೇ ಬೀಳುತ್ತದೆ. ನಾನು ಎಡಗಡೆಗೆ ಹೋಗಿ ಕಾರ್ನರಿನವನನ್ನು ಎಳೆದೆ, ಅವನು ಒಂದು ಹೆಜ್ಜೆ ಮುಂದೆ ಬಂದ, ನಾನು ಬೋನಸ್ ಗೆರೆ ದಾಟಿ ಕಾಲಿಟ್ಟೆ, ಹಿಂದಿನ ಕಾಲು ಗಾಳಿಯಲ್ಲಿ. ಎಷ್ಟು ಚಂದ ಬಂತು ಎಂದರೆ, ಈ ಅಂಗಳದಲ್ಲಿ ಅಭ್ಯಾಸ ಮಾಡಿದ ಹಾಗೆಯೇ. ಮರಳಿ ಬಂದು ಕೈ ಎತ್ತಿದೆ.

ಎದುರಿಗೆ ಇದ್ದದ್ದು ಐದು ಜನ. ಬೋನಸ್ ಅಂಕಕ್ಕೆ ಆರು ಜನ ಬೇಕು. ಅಂಪೈರ್ ನನ್ನನ್ನೇ ಹೊರಗೆ ಕಳುಹಿಸಿದರು.

ಮಾಸ್ಟ್ರೇ, ನಾನು ತಲೆ ಎಣಿಸಿರಲಿಲ್ಲ.

ಐದು ಅಂಕದಿಂದ ಸೋತೆವು. ಅದರಲ್ಲಿ ನನ್ನ ಪಾಲು ಒಂದೇ ಎಂದು ಆಮೇಲೆ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡದ್ದುಂಟು. ಆ ರಾತ್ರಿ ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟೇಪು ಹರಿಯುವ ಸದ್ದು, ಶವರಿನ ಸದ್ದು, ಅಷ್ಟೇ. ಹತ್ತು ವರ್ಷಕ್ಕೂ ಹೆಚ್ಚು ಆಡಿದ ಒಬ್ಬ ಹಿರಿಯ ಹಿಡಿತಗಾರ ತನ್ನ ಮೂಲೆಯಿಂದ ಎದ್ದು ಬಾಗಿಲ ಹತ್ತಿರ ಬಂದು ನನ್ನ ಪಕ್ಕ ನೆಲದಲ್ಲಿ ಕುಳಿತ. ಕತ್ತರಿ ತೆಗೆದುಕೊಂಡು ನನ್ನ ಕಾಲಿನ ಟೇಪು ಕತ್ತರಿಸಿದ. "ಎಣಿಸಲಿಲ್ಲ ಅಲ್ವಾ?" ಎಂದು ಹಿಂದಿಯಲ್ಲಿ ಕೇಳಿದ. ನಾನು ತಲೆಯಾಡಿಸಿದೆ. "ಬೆಂಚಿನಿಂದ ನಾವೆಲ್ಲ ಐದು ಐದು ಅಂತ ಕೂಗಿದೆವು. ನಿನಗೆ ಕೇಳಿಸಲಿಲ್ಲ. ನಾಳೆಯಿಂದ ನೀನು ಕೂಗುವ ಕೆಲಸ ಮಾಡು. ಕೂಗಿದರೆ ಕೇಳುವುದಿಲ್ಲ, ಬೆರಳು ತೋರಿಸು."

ಉಳಿದ ಹದಿನೆಂಟು ಪಂದ್ಯ ನಾನು ಮಾಡಿದ್ದು ಅದನ್ನೇ. ನಮ್ಮ ದಾಳಿಗಾರ ನಡುಗೆರೆಗೆ ಬರುವ ಮುಂಚೆ ಬೆಂಚಿನ ತುದಿಯಲ್ಲಿ ನಿಂತು ಎದುರಾಳಿಗಳ ತಲೆ ಎಣಿಸಿ ಬೆರಳು ಎತ್ತುವುದು. ಐದಾದರೆ ಐದು, ಆರಾದರೆ ಆರು. ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಷ್ಟಿ, ಅಂದರೆ ಜಾಗ್ರತೆ, ಸಿಕ್ಕಿಬಿದ್ದರೆ ಅವರಿಗೆ ಸೂಪರ್ ಟ್ಯಾಕಲ್, ಎರಡು ಅಂಕ. ಮೊದಮೊದಲು ಯಾರೂ ನೋಡಲಿಲ್ಲ. ಎರಡು ವಾರ ಕಳೆದ ಮೇಲೆ ಮುಖ್ಯ ದಾಳಿಗಾರ ಪ್ರತಿ ದಾಳಿಗೆ ಮುಂಚೆ ಒಂದು ಕ್ಷಣ ನನ್ನ ಕಡೆ ಕಣ್ಣು ಹಾಯಿಸಲು ಶುರು ಮಾಡಿದ. ಡ್ರೆಸ್ಸಿಂಗ್ ರೂಮಿನಲ್ಲಿ ಬಾಗಿಲ ಹತ್ತಿರದಿಂದ ಎರಡು ಜಾಗ ಒಳಗೆ ಸರಿಯಲು ಹೇಳಿದರು. ನನ್ನ ಮಟ್ಟಿಗೆ ಆ ಸೀಸನ್ನಿನ ದೊಡ್ಡ ಬಹುಮಾನ ಆ ಎರಡು ಜಾಗ.

ಮನೆಯಲ್ಲಿ ಅಮ್ಮ ಪಕ್ಕದ ಮನೆಗೆ ಹೋಗಿ ಟಿವಿ ನೋಡುತ್ತಿದ್ದರು. ಅಮ್ಮ ಆಟ ನೋಡುತ್ತಿರಲಿಲ್ಲ, ಬೆಂಚು ನೋಡುತ್ತಿದ್ದರು. ಕ್ಯಾಮೆರಾ ಆ ಕಡೆ ತಿರುಗಿದರೆ ಎರಡು ಸೆಕೆಂಡು ನಾನು. ಫೋನಿನಲ್ಲಿ ಕೇಳುತ್ತಿದ್ದರು, "ನಿನ್ನೆ ಯಾಕೆ ಮಗಾ ಐದು ಬೆರಳು ತೋರಿಸುತ್ತಾ ಇದ್ದದ್ದು? ಊಟಕ್ಕೆ ಕಡಿಮೆ ಆಗುತ್ತದಾ?"

ಅದೇ ಸೀಸನ್ನಿನಲ್ಲಿ ನಮ್ಮ ಕಾರ್ಕಳದ ಸುಕೇಶ್ ಹೆಗ್ಡೆ ಅವರು ಹೊಸ ತಂಡವಾದ ಗುಜರಾತಿನ ನಾಯಕರಾಗಿ ಫೈನಲ್‌ವರೆಗೆ ಹೋದರು. ಅಕ್ಟೋಬರ್ 28ಕ್ಕೆ ಚೆನ್ನೈಯಲ್ಲಿ ಪಟ್ನಾ ವಿರುದ್ಧ 55–38ರಲ್ಲಿ ಸೋತರು. ಮಿಂಚಿದವರು ಎಂದು ಹೇಳುವುದಾದರೆ ಅವರನ್ನು ಹೇಳಿ. ನಾನು ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನ ಬಣ್ಣ ಇನ್ನೂ ಹೋಗಿರಲಿಲ್ಲ. ಎಲ್ಲರೂ ಕೈ ಕುಲುಕಿದರು, ನಾನೂ ಕುಲುಕಿದೆ, ಏನೂ ಹೇಳಲಿಲ್ಲ. ಮರುವರ್ಷ ಮೊಣಕಾಲು ಹೋಯಿತು. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ, ಏಳೆಂಟು ತಿಂಗಳು ಫಿಸಿಯೋಥೆರಪಿ. ಅಲ್ಲಿಗೆ ಲೀಗು ಮುಗಿಯಿತು. ಆ ಫ್ಲೆಕ್ಸನ್ನು ಅಮ್ಮ ತಂದು ಮಳೆಗಾಲದಲ್ಲಿ ಸೌದೆಯ ರಾಶಿಗೆ ಹೊದಿಸಿದರು. ಗಟ್ಟಿ ಮಾಲು, ನಾಲ್ಕು ಮಳೆಗಾಲ ತಡೆಯಿತು.

ಇನ್ನೊಂದು ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕಬಡ್ಡಿ ಮ್ಯಾಟ್ ಕೊಡಬೇಕೆಂದು ಹಳೆ ವಿದ್ಯಾರ್ಥಿ ಸಂಘದಲ್ಲಿ ನಿರ್ಣಯವಾಗಿದೆ. ಒಳ್ಳೆಯದೇ. ನಾನೂ ನನ್ನ ಪಾಲು ಕೊಡುತ್ತೇನೆ. ಆದರೆ ಕಳೆದ ತಿಂಗಳು ಹುಡುಗಿಯರ ತಂಡಕ್ಕೆ ಎರಡು ಸಂಜೆ ಹೇಳಿಕೊಡಲು ಬಂದಿದ್ದೆ. ಹದಿನಾಲ್ಕು ಮಕ್ಕಳು ಬರಬೇಕಿತ್ತು, ಒಂಬತ್ತು ಜನ ಬಂದರು. ಉಳಿದವರು ಯಾಕಿಲ್ಲ ಎಂದು ಕೇಳಿದೆ. ಯೂನಿಫಾರ್ಮ್ ಬದಲಿಸಲು ಜಾಗ ಇಲ್ಲ ಸಾರ್ ಎಂದಳು ಒಬ್ಬಳು. ಮನೆಗೆ ಹೋಗಿ ಬದಲಿಸಿ ಬರಬೇಕಾದರೆ ಬಸ್ಸು ತಪ್ಪುತ್ತದೆ. ಬಂದ ಒಂಬತ್ತು ಜನ ಬೆಳಿಗ್ಗೆಯಿಂದ ಯೂನಿಫಾರ್ಮಿನ ಒಳಗೆ ಆಟದ ಬಟ್ಟೆ ಹಾಕಿಕೊಂಡೇ ಪಾಠ ಕೇಳಿದ್ದರು. ನಮಗೆ ಎಂಟನೇ ತರಗತಿಯ ಹಿಂಬದಿಯ ಬೇಲಿ ಸಾಕಾಗಿತ್ತು. ಹೆಣ್ಣುಮಕ್ಕಳಿಗೆ ಸಾಕಾಗುವುದಿಲ್ಲ ಎಂದು ಇಷ್ಟು ವರ್ಷ ನಮಗ್ಯಾರಿಗೂ ಹೊಳೆಯಲಿಲ್ಲ, ನನಗೂ ಸೇರಿ.

ಇಲ್ಲಿಂದ ದೂರವಿಲ್ಲದ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಭಾರತದ ನಾಯಕಿಯಾಗಿ ವಿಶ್ವಕಪ್ ಗೆದ್ದರು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ. ಅಷ್ಟು ದೊಡ್ಡ ಆಟಗಾರ್ತಿಗೆ ಲೀಗಿನಲ್ಲಿ ಸಿಕ್ಕಿದ್ದು 2016ರಲ್ಲಿ ಮಹಿಳೆಯರಿಗಾಗಿ ನಡೆದ ಮೂರು ತಂಡಗಳ ಒಂದು ಸಣ್ಣ ಸ್ಪರ್ಧೆ. ಅವರ ಫೈರ್ ಬರ್ಡ್ಸ್ ತಂಡ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತಿತು. ಮರುವರ್ಷ ಆ ಸ್ಪರ್ಧೆಯೇ ಇರಲಿಲ್ಲ. ಏಳು ನಿಮಿಷ ಆಡಿದ ನನಗೆ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್.

ಹಾಗಾಗಿ ಸಂಘದವರಲ್ಲಿ ನನ್ನದೊಂದು ಬಿನ್ನಹ. ಮ್ಯಾಟ್ ಒಂದು ವರ್ಷ ತಡವಾದರೂ ಆಗಲಿ, ಮಣ್ಣಿನ ಅಂಕಣದಲ್ಲಿ ನಾವೆಲ್ಲ ಆಡಿದ್ದೇವೆ. ಮೊದಲು ರಂಗಮಂದಿರದ ಬಲಬದಿಗೆ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ ಕಟ್ಟೋಣ. ಒಳಗಿನಿಂದ ಹಾಕುವ ಚಿಲಕ, ಒಂದು ನಲ್ಲಿ, ಗೋಡೆಗೆ ಹದಿನಾಲ್ಕು ಮೊಳೆ. ಕೆಂಪು ಕಲ್ಲು ಕೊಡಲು ಒಬ್ಬರು ಈಗಾಗಲೇ ಒಪ್ಪಿದ್ದಾರೆ, ಹೆಸರು ಹೇಳಬಾರದು ಎಂದಿದ್ದಾರೆ. ಸಿಮೆಂಟು ನನ್ನದು. ಮೇಸ್ತ್ರಿ ಕೆಲಸ ಬಲ್ಲ ನಮ್ಮ ಬ್ಯಾಚಿನ ಇಬ್ಬರು ಆ ಕೊನೆಯ ಸಾಲಿನಲ್ಲಿ ಕುಳಿತಿದ್ದಾರೆ, ಈಗ ತಲೆ ತಗ್ಗಿಸಿದ್ದಾರೆ, ನನಗೆ ಕಾಣುತ್ತಿದೆ. ಊಟದ ಹೊತ್ತಿಗೆ ನಾನು ಅವರ ಹತ್ತಿರವೇ ಕುಳಿತುಕೊಳ್ಳುತ್ತೇನೆ.