ಮೀನೆಣ್ಣೆಯ ಗುಳಿಗೆ ಮತ್ತು ರಕ್ತದ ಸಕ್ಕರೆ

ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಜೇನಿನ ಬಣ್ಣದ, ಪಾರದರ್ಶಕವಾದ ಗುಳಿಗೆಗಳನ್ನು ನೀವು ಕಂಡಿರಬಹುದು. ಅವು ಮೀನೆಣ್ಣೆಯ ಗುಳಿಗೆಗಳು. ವೈದ್ಯರ ಚೀಟಿ ಇಲ್ಲದೆಯೂ ದೊರೆಯುತ್ತವೆ. ಹೃದಯಕ್ಕೆ ಒಳ್ಳೆಯದು, ಕಣ್ಣಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಒಳ್ಳೆಯದು ಎಂಬ ಮಾತು ಅವುಗಳ ಸುತ್ತ ಹಬ್ಬಿದೆ. ಈ ಕೊನೆಯ ಮಾತು ನಿಜವೇ? 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅಜ್ಜನಿಗೋ ಅಮ್ಮನಿಗೋ ಅದು ಇದ್ದೀತು. ಆದ್ದರಿಂದ ಇದು ಬರಿಯ ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಮೀನೆಣ್ಣೆಯ ವಿಶೇಷವೇನು? ನಮ್ಮ ಕರಾವಳಿಯ ಭೂತಾಯಿ, ಬಂಗುಡೆಯಂಥ ಕೊಬ್ಬುಳ್ಳ ಮೀನುಗಳಲ್ಲಿ ಒಮೇಗಾ-3 ಎಂಬ ಮೇದಾಮ್ಲಗಳಿವೆ. ಇವು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿಗಳು. ಒಂದು ತುದಿಯಿಂದ ಎಣಿಸಿದರೆ ಮೂರನೆಯ ಇಂಗಾಲದಲ್ಲಿ ಮೊದಲ ದ್ವಿಬಂಧ ಬರುತ್ತದೆ. ಹೆಸರಿನಲ್ಲಿರುವ ಮೂರರ ಅರ್ಥ ಅದು. ಇವುಗಳಲ್ಲಿ ಮುಖ್ಯವಾದವು ಎರಡು. 20 ಇಂಗಾಲ, 5 ದ್ವಿಬಂಧಗಳುಳ್ಳದ್ದು ಇ.ಪಿ.ಎ.; 22 ಇಂಗಾಲ, 6 ದ್ವಿಬಂಧಗಳುಳ್ಳದ್ದು ಡಿ.ಎಚ್.ಎ. ಇವನ್ನು ಮೂಲದಲ್ಲಿ ತಯಾರಿಸುವುದು ಸಮುದ್ರದ ಸೂಕ್ಷ್ಮ ಪಾಚಿಗಳು. ಅವುಗಳ ಮೂಲಕ ಇವು ಮೀನಿನ ಒಡಲು ಸೇರುತ್ತವೆ.

ಈ ಎಣ್ಣೆಗೆ ಕೀರ್ತಿ ಬಂದದ್ದು ಹಿಮದ ನಾಡಿನಿಂದ. 1970ರ ಸುಮಾರಿಗೆ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಡೆನ್ಮಾರ್ಕಿನ ಸಂಶೋಧಕರು ಗ್ರೀನ್‌ಲ್ಯಾಂಡಿಗೆ ಹೋಗಿ, ಸೀಲ್ ಮತ್ತು ಮೀನನ್ನೇ ತಿಂದು ಬದುಕುವ ಇನ್ಯುಯಿಟ್ ಜನರ ರಕ್ತವನ್ನು ಪರೀಕ್ಷಿಸಿದರು. ಇಷ್ಟು ಕೊಬ್ಬು ತಿನ್ನುವವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆಯಿತ್ತು. ಆ ಕಾಲಕ್ಕೆ ಅವರಲ್ಲಿ ಮಧುಮೇಹವೂ ಅಪರೂಪ. ಹಾಗಾದರೆ ಮೀನೆಣ್ಣೆ ಮಧುಮೇಹವನ್ನು ತಡೆಯುತ್ತದೆಯೆ? ಇಲ್ಲಿ ನಾವು ಅವಸರ ಮಾಡಬಾರದು. ಆ ಜನ ಬೇಟೆಯಾಡಿ ಮೈಮುರಿಯ ದುಡಿಯುತ್ತಿದ್ದರು. ಸಕ್ಕರೆ, ಹಿಟ್ಟು ಅವರಿಗೆ ಕಡಿಮೆ. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಅದನ್ನು ಪ್ರಯೋಗದಿಂದಲೇ ತಿಳಿಯಬೇಕು.

ಪ್ರಯೋಗಗಳು ನಡೆದವು. ಮೊದಲ ಫಲಿತಾಂಶಗಳಲ್ಲಿ ಕೆಲವು ಬೆಚ್ಚಿಬೀಳಿಸುವಂತಿದ್ದವು. 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡನೆಯ ಬಗೆಯ ಮಧುಮೇಹವಿದ್ದ ಆರು ಮಂದಿಗೆ ಒಂದು ತಿಂಗಳು ಹೆಚ್ಚು ಪ್ರಮಾಣದಲ್ಲಿ ಮೀನೆಣ್ಣೆ ಕೊಟ್ಟಾಗ ಅವರ ರಕ್ತದ ಸಕ್ಕರೆ ಏರಿತು! ಯಕೃತ್ತು ಹೆಚ್ಚು ಗ್ಲೂಕೋಸನ್ನು ಹೊರಬಿಡುತ್ತಿತ್ತು. ಆದರೆ ಆರು ಮಂದಿಯಿಂದ ಕೋಟಿ ಜನರ ವಿಷಯ ನಿರ್ಣಯಿಸಬಹುದೆ? ಅದೂ ಆಗದು.

ಆದ್ದರಿಂದಲೇ ದೊಡ್ಡ ಪ್ರಯೋಗಗಳು ಬೇಕು. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮೀನೆಣ್ಣೆ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಬೇರೆ ಎಣ್ಣೆಯ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಕನಿಷ್ಠ 24 ವಾರ ನಡೆದ ಇಂಥ 83 ಪ್ರಯೋಗಗಳನ್ನು, ಒಟ್ಟು 1,21,070 ಜನರ ವಿವರಗಳೊಂದಿಗೆ, ಇಂಗ್ಲೆಂಡಿನ ಸಂಶೋಧಕರು ಒಟ್ಟುಗೂಡಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮೇಗಾ-3 ಮಧುಮೇಹ ಬರುವುದನ್ನು ತಡೆಯುವುದಿಲ್ಲ; ಬಂದವರ ರಕ್ತದ ಸಕ್ಕರೆಯ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ. ದಿನಕ್ಕೆ 4.4 ಗ್ರಾಮಿಗಿಂತ ಹೆಚ್ಚು ತೆಗೆದುಕೊಂಡರೆ ಸಕ್ಕರೆಯ ಹತೋಟಿ ಕೆಡಲೂಬಹುದು ಎಂಬ ಸೂಚನೆಯೂ ಅದರಲ್ಲಿತ್ತು. ಸಾಮಾನ್ಯವಾದ ಒಂದು ಸಾವಿರ ಮಿಲಿಗ್ರಾಮ್ ಗುಳಿಗೆಯಲ್ಲಿ ಇ.ಪಿ.ಎ. ಮತ್ತು ಡಿ.ಎಚ್.ಎ. ಸೇರಿ ಇರುವುದು ಸುಮಾರು 300 ಮಿಲಿಗ್ರಾಮ್. ಆ ಲೆಕ್ಕದಲ್ಲಿ 4.4 ಗ್ರಾಮ್ ಎಂದರೆ ಹದಿನೈದು ಗುಳಿಗೆ. ದಿನಕ್ಕೊಂದು ಗುಳಿಗೆಯಿಂದ ಸಕ್ಕರೆ ಏರೀತೆಂದು ಹೆದರಬೇಕಿಲ್ಲ. ಇಳಿದೀತೆಂದು ಕಾಯುವುದೂ ಬೇಡ.

ಮಧುಮೇಹಿಗಳ ಹೃದಯಕ್ಕಾದರೂ ಇದರಿಂದ ರಕ್ಷಣೆಯುಂಟೆ? ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು 15,480 ಮಧುಮೇಹಿಗಳನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2018ರಲ್ಲಿ ವರದಿ ನೀಡಿದರು. ಹೃದಯ ಮತ್ತು ರಕ್ತನಾಳದ ಗಂಭೀರ ತೊಂದರೆ ಮೀನೆಣ್ಣೆಯ ಗುಂಪಿನಲ್ಲಿ ಶೇಕಡ 8.9, ಆಲಿವ್ ಎಣ್ಣೆಯ ಗುಂಪಿನಲ್ಲಿ ಶೇಕಡ 9.2. ಇದು ಲೆಕ್ಕಕ್ಕೆ ಹಿಡಿಯುವಂಥ ಅಂತರವಲ್ಲ.

ಹಾಗೆಂದು ಮೀನೆಣ್ಣೆ ನಿಷ್ಪ್ರಯೋಜಕವೇನಲ್ಲ. ರಕ್ತದ ಟ್ರೈಗ್ಲಿಸರೈಡನ್ನು ಅದು ಖಂಡಿತ ಇಳಿಸುತ್ತದೆ. ಅದು ಬಹಳ ಏರಿದವರಿಗೆ ವೈದ್ಯರು ದಿನಕ್ಕೆ 2ರಿಂದ 4 ಗ್ರಾಮ್ ಶುದ್ಧ ಒಮೇಗಾ-3 ಬರೆದುಕೊಡುವುದುಂಟು. ಆದರೆ ಅಷ್ಟು ಪ್ರಮಾಣದಲ್ಲಿ ಹೃದಯ ಬಡಿತದ ಲಯ ತಪ್ಪುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ಇದನ್ನು ತೆಗೆದುಕೊಳ್ಳುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಮೀನನ್ನು ಊಟದಲ್ಲಿ ತಿನ್ನುವುದು ಬೇರೆಯೇ ಮಾತು. ಅದರಲ್ಲಿ ಉತ್ತಮ ಪ್ರೋಟೀನೂ ಇದೆ. ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿ ಇದೆ. ಅದರಲ್ಲಿರುವುದು 18 ಇಂಗಾಲದ ಒಮೇಗಾ-3. ನಮ್ಮ ದೇಹ ಅದರ ಅಲ್ಪಭಾಗವನ್ನಷ್ಟೇ ಇ.ಪಿ.ಎ. ಆಗಿ ಮಾರ್ಪಡಿಸಬಲ್ಲದು.

ನಿಜವಾದ ಅಪಾಯವಿರುವುದು ಗುಳಿಗೆಯಲ್ಲಲ್ಲ, ಅದರ ಮೇಲಿನ ಭರವಸೆಯಲ್ಲಿ. "ಇದು ಪ್ರಕೃತಿಯದ್ದು, ಅಡ್ಡ ಪರಿಣಾಮವಿಲ್ಲ" ಎಂದು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಬಿಟ್ಟವರಿಗೆ ಒಡನೆಯೇ ಏನೂ ಗೊತ್ತಾಗುವುದಿಲ್ಲ. ಏರಿದ ಸಕ್ಕರೆ ನೋವು ಕೊಡದೆ ಕಣ್ಣಿನ ಅಕ್ಷಿಪಟಲವನ್ನು, ಮೂತ್ರಪಿಂಡವನ್ನು, ಕಾಲಿನ ನರಗಳನ್ನು ಕೆಡಿಸುತ್ತಾ ಹೋಗುತ್ತದೆ. ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಇಲ್ಲಿ ನಿಮ್ಮ ಕರ್ತವ್ಯವೂ ಇದೆ. ಮನೆಯ ಹಿರಿಯರೊಡನೆ ವಾದಕ್ಕಿಳಿಯಬೇಡಿ. "ಅಜ್ಜ, ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?" ಎಂದು ಕೇಳಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್ನಿಗೆ ಅಂಟಿದ ಗ್ಲೂಕೋಸನ್ನು ಅಳೆದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯುತ್ತದೆ. ಗುಳಿಗೆಯ ಜಾಹೀರಾತು ಏನೇ ಹೇಳಲಿ, ಈ ಅಂಕಿ ಸುಳ್ಳಾಡದು. ಹಿತಮಿತವಾದ ಊಟ, ದಿನವೂ ನಡಿಗೆ, ತಪ್ಪದೆ ಔಷಧಿ - ಇವುಗಳ ಜಾಗಕ್ಕೆ ಬರಬಲ್ಲ ಗುಳಿಗೆ ಆ ಕಪಾಟಿನಲ್ಲಿಲ್ಲ.