ಶೇತಸನದಿಯ ಹೊಲ, ಬಾಡಿಗೆಯ ಪಲ್ಟನ್



ಘಟಿಕೋತ್ಸವಕ್ಕೆ ಬಂದವರು ಸಾಮಾನ್ಯವಾಗಿ ‘ಏಳಿ, ಎದ್ದೇಳಿ’ ಎಂದು ಹೇಳಿ ಹೋಗುತ್ತಾರೆ. ಪದವೀಧರರೆ, ನಿಮಗೆ ಅದನ್ನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ನಸುಕಿನಲ್ಲೇ ಎದ್ದು ಹಿಂಡಲಗಾ, ಸುಳಗಾ, ಉಚಗಾಂವದ ರಸ್ತೆಗಳಲ್ಲಿ ಓಡುವವರು. 1600 ಮೀಟರನ್ನು ಎಷ್ಟು ನಿಮಿಷಕ್ಕೆ ಮುಗಿಸಿದರೆ ಸೈನ್ಯದ ಭರ್ತಿಯಲ್ಲಿ ಪಾಸು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಇಂದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಯಾರ ತಂಟೆಗೂ ಹೋಗದ ಸಣ್ಣ ದೇಶವೊಂದಕ್ಕೆ ಸ್ವಂತ ಸೈನ್ಯ ಬೇಕೇ?

ಈ ಊರಲ್ಲಿ ನಿಂತು ಹೀಗೆ ಕೇಳುವುದು ಗಾಣಿಗರ ಓಣಿಯಲ್ಲಿ ನಿಂತು ಎಣ್ಣೆ ಬೇಕೇ ಎಂದು ಕೇಳಿದ ಹಾಗೆ. ನಮ್ಮ ಪಕ್ಕದಲ್ಲೇ ಮಿಲಿಟರಿ ಕ್ಯಾಂಪು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಗೆ ಬಂದು ನೂರು ವರ್ಷ ದಾಟಿದೆ. ಆ ದಳದ ಅತ್ಯಂತ ಹಳೆಯ ಪಲ್ಟನ್ ಕಟ್ಟಿದ್ದು 1768ರಲ್ಲಿ. ಇಲ್ಲಿಯ ಕಿರಾಣಿ ಅಂಗಡಿಯಿಂದ ಹಿಡಿದು ದರ್ಜಿಯ ತನಕ ಎಲ್ಲರ ಲೆಕ್ಕದಲ್ಲೂ ಮಿಲಿಟರಿಯ ದುಡ್ಡು ಇದ್ದೇ ಇದೆ. ಆದರೂ ಈ ಪ್ರಶ್ನೆಯನ್ನು ದಿಲ್ಲಿಗಿಂತ ಇಲ್ಲಿ ಕೇಳುವುದೇ ಸರಿ. ದಿಲ್ಲಿ ಯಾವಾಗಲೂ ದೊಡ್ಡದರ ಕಡೆಯಿಂದ ನೋಡಿದ ಊರು. ನಮ್ಮ ಸುತ್ತ ಇದ್ದವು ಸಣ್ಣವು: ಕಿತ್ತೂರು, ಸಾವಂತವಾಡಿ, ಮುಧೋಳ, ರಾಮದುರ್ಗ, ಜಮಖಂಡಿ, ಘಾಟಿನ ಕೆಳಗೆ ಪೋರ್ಚುಗೀಸರ ಗೋವಾ. ಸೈನ್ಯ ಇಟ್ಟುಕೊಂಡವರು, ಇಲ್ಲದವರು, ಬಾಡಿಗೆಗೆ ತಂದವರು, ಎಲ್ಲರ ಗತಿಯನ್ನೂ ಈ ನೆಲ ನೋಡಿದೆ.

ಕಿತ್ತೂರಿನಿಂದ ಶುರು ಮಾಡೋಣ. 1824ರ ಅಕ್ಟೋಬರ್ 23ರ ಕಥೆ ನಿಮಗೆಲ್ಲ ಬಾಯಿಪಾಠ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಆದರೆ ಅದಕ್ಕೆ ಆರು ವರ್ಷ ಹಿಂದಿನ ಕಥೆಯನ್ನು ನಮ್ಮ ಉತ್ಸವಗಳಲ್ಲಿ ಯಾರೂ ಹೇಳುವುದಿಲ್ಲ. 1818ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಮನ್ರೋ ಪೇಶ್ವೆಯವರ ಕೈಯಿಂದ ಬೆಳಗಾವಿ ಕೋಟೆಯನ್ನು ಕಸಿದುಕೊಂಡಾಗ ಕಿತ್ತೂರಿನ ದೇಸಾಯಿ ಇಂಗ್ಲಿಷರ ಪಕ್ಷದಲ್ಲಿದ್ದ. ಪ್ರತಿಯಾಗಿ ಸಿಕ್ಕಿದ್ದು ಒಂದು ಸನದು, ಅದರ ಜೊತೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ. ದೊಡ್ಡವನ ಸ್ನೇಹವೇ ನಮ್ಮ ರಕ್ಷಣೆ ಎಂದು ಸಣ್ಣ ಸಂಸ್ಥಾನ ಭಾವಿಸಿತು. ಆ ಸ್ನೇಹ ಬಾಳಿದ್ದು ದೇಸಾಯಿ ಬದುಕಿದ್ದಷ್ಟು ದಿನ. ಅವನು ಮಕ್ಕಳಿಲ್ಲದೆ ತೀರಿಕೊಂಡ ಕೂಡಲೇ ದತ್ತು ಒಪ್ಪುವುದಿಲ್ಲ ಎಂದು ಹೇಳಿ, ಖಜಾನೆಗೆ ಮುದ್ರೆ ಒತ್ತಿ, ಬಾಗಿಲಿಗೆ ಕಾವಲು ಹಾಕಿದವನು ಅದೇ ಸ್ನೇಹಿತ.

ಕಿತ್ತೂರಿಗೆ ಸೈನ್ಯವಿತ್ತು, ಒಂದು ಕಾಳಗ ಗೆದ್ದಿತು, ಆರು ವಾರದಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಹಾಗಾದರೆ ಆ ಸೈನ್ಯ ಇಟ್ಟುಕೊಂಡದ್ದು ವ್ಯರ್ಥವೇ? ಯುದ್ಧದ ಲೆಕ್ಕ ಮಾತ್ರ ನೋಡಿದರೆ ವ್ಯರ್ಥವೇ. ಸಣ್ಣದು ದೊಡ್ಡದರ ಜೊತೆ ತೂಕಕ್ಕೆ ಕೂತರೆ ತಕ್ಕಡಿ ಸುಳ್ಳು ಹೇಳುವುದಿಲ್ಲ. ಆದರೆ ಕೋಟೆ ಬಿದ್ದ ಐದು ವರ್ಷದ ಮೇಲೆ, ರಾಣಿಯೂ ಇಲ್ಲದಾಗ, ಖಾನಾಪುರದ ಕಾಡಿನಲ್ಲಿ ಮತ್ತೆ ಜನ ಒಟ್ಟುಗೂಡಿದರಲ್ಲ, ಅವರು ಎಲ್ಲಿಂದ ಬಂದರು? 1830ರ ಜನವರಿಯಲ್ಲಿ ಬೀಡಿ ಊರಿನ ಸರಕಾರಿ ಕಚೇರಿಗೆ ಬೆಂಕಿ ಬಿತ್ತು. ಆ ಜನರ ಮುಂದಾಳು ಸಂಗೊಳ್ಳಿ ರಾಯಣ್ಣನ ಹಿಂದೆ ಸಂಬಳದ ಸಿಪಾಯಿಗಳಿರಲಿಲ್ಲ, ಸಂಬಳ ಕೊಡಲು ಖಜಾನೆಯೂ ಇರಲಿಲ್ಲ.

ಉತ್ತರ ಇರುವುದು ಹಳೆಯ ಕಂದಾಯದ ದಫ್ತರಿನಲ್ಲಿ: ಶೇತಸನದಿ. ಚಾಕರಿಗೆ ಪ್ರತಿಯಾಗಿ ಹೊಲ ಪಡೆದವನು ಶೇತಸನದಿ. ಮಳೆ ಬಂದಾಗ ಕುಂಟೆ ಹಿಡಿಯುತ್ತಿದ್ದ, ಕರೆ ಬಂದಾಗ ಕತ್ತಿ ಹಿಡಿಯುತ್ತಿದ್ದ. ಕಂಪನಿ ಸರಕಾರ ಆ ಹೊಲಗಳ ಮೇಲೆ ಕೈ ಹಾಕಿತು. ಕಂದಾಯ ಹೇರಿತು, ಕೆಲವನ್ನು ಕಿತ್ತುಕೊಂಡಿತು. ಹೊಲ ಹೋದವನಿಗೆ ರಾಜ್ಯ ಹೋದದ್ದು ತನ್ನ ಮನೆಯ ವಿಚಾರವಾಯಿತು. ರಾಯಣ್ಣ ಸ್ವತಃ ಆ ವರ್ಗದವನು. ಅವನನ್ನು ಹಿಡಿಯಲು ಮೋಸವೇ ಬೇಕಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಇಲ್ಲಿಂದ ನಂದಗಡಕ್ಕೆ ಬಸ್ಸಿನಲ್ಲಿ ಒಂದು ಬೆಳಗಿನ ದಾರಿ. ಪರೀಕ್ಷೆಗೆ ಅವನ ಬಗ್ಗೆ ಪುಟ ತುಂಬಿಸಿದವರಲ್ಲಿ ಎಷ್ಟು ಜನ ಹೋಗಿ ನೋಡಿದ್ದೀರಿ ಎಂದು ಕೇಳಿ ಈ ಶುಭದಿನ ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸುವುದಿಲ್ಲ.

ಈಗ ಅದೇ ಕಾಲದ ಮೈಸೂರಿಗೆ ಹೋಗೋಣ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿ ಕಂಪನಿ ಒಂದು ಒಪ್ಪಂದ ಬರೆಸಿಕೊಂಡಿತು. ರಕ್ಷಣೆಯ ಚಿಂತೆ ನಿಮಗೆ ಬೇಡ, ನಮ್ಮ ಪಲ್ಟನ್ ನೋಡಿಕೊಳ್ಳುತ್ತದೆ, ವರ್ಷಕ್ಕೆ 7 ಲಕ್ಷ ವರಹ ಕೊಡಿ. ರೂಪಾಯಿ ಲೆಕ್ಕದಲ್ಲಿ ಇಪ್ಪತ್ನಾಲ್ಕೂವರೆ ಲಕ್ಷ. ಶಾಂತವಾಗಿರಲು ಬಯಸುವ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇದೆಯೇ ಎಂದು ಆಗ ಎಷ್ಟೋ ಜನಕ್ಕೆ ಅನ್ನಿಸಿರಬೇಕು.

ಹಣ ಎಲ್ಲಿಂದ ಬರಬೇಕು? ರೈತನಿಂದ. ಕಂದಾಯ ವಸೂಲಿಯ ಬಿಗಿಗೆ, ಅಮಲ್ದಾರರ ಕಾಟಕ್ಕೆ ರೋಸಿಹೋದ ಮಲೆನಾಡಿನ ನಗರ ಸೀಮೆಯ ರೈತರು 1830ರಲ್ಲಿ ದಂಗೆ ಎದ್ದರು. ತನ್ನ ರೈತರನ್ನು ಅಡಗಿಸಲು ಮೈಸೂರು ಕಂಪನಿಯ ಪಲ್ಟನ್ನನ್ನು ಕರೆಸಿತು. ಬಾಡಿಗೆಯ ಬಂದೂಕು ಆಗ ತಿರುಗಿದ್ದು ಹೊರಗಿನ ವೈರಿಯ ಕಡೆಗಲ್ಲ, ನಗರದ ಅಡಿಕೆ ತೋಟಗಳ ಕಡೆಗೆ. ಅಷ್ಟಕ್ಕೇ ಮುಗಿಯಲಿಲ್ಲ. ಇಷ್ಟು ಗಲಾಟೆಯಾದರೆ ನಮ್ಮ ವಾರ್ಷಿಕ ಕಂತು ನಿಂತೀತು ಎಂಬ ನೆಪ ತೆಗೆದು, ಅದೇ 1799ರ ಒಪ್ಪಂದದ ಒಂದು ಕಲಮು ತೋರಿಸಿ, 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ತೆಗೆದುಕೊಂಡ. ಅರಸರಿಗೆ ಅದು ಮರಳಿದ್ದು 50 ವರ್ಷದ ನಂತರ, 1881ರಲ್ಲಿ. ರಾಯಣ್ಣ ನೇಣಿಗೇರಿದ ವರ್ಷವೇ ಮೈಸೂರು ಕೈತಪ್ಪಿತು ಎಂಬುದನ್ನು ಗಮನಿಸಿ. ಕಾದಾಡಿದ ಕಿತ್ತೂರೂ ಹೋಯಿತು, ಕಾದಾಡದೆ ಕಂತು ಕಟ್ಟಿದ ಮೈಸೂರೂ ಹೋಯಿತು. ಕಿತ್ತೂರಿನ ಕಡೆ ಅದರ ರೈತರಿದ್ದರು. ಮೈಸೂರಿನ ರೈತರು ಅದರ ವಿರುದ್ಧ ಇದ್ದರು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ಇರುವುದು ಈ ವ್ಯತ್ಯಾಸದಲ್ಲಿ.

ಮೈಸೂರಿಗೆ ಮುಂದೆ ಒಳ್ಳೆಯ ಕುದುರೆ ಸೈನ್ಯ ಬಂತು. 1918ರ ಸೆಪ್ಟೆಂಬರ್ 23ರಂದು, ಇಂಗ್ಲಿಷರ ಯುದ್ಧದಲ್ಲಿ, ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದರು. ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಹೈಫಾಕ್ಕೂ ಮೈಸೂರಿಗೂ ಏನು ಜಗಳವಿತ್ತು?

ಘಾಟಿನ ಕೆಳಗಿನ ಗೋವಾದಲ್ಲೂ ಇದೇ ಕಥೆ, ಬೇರೆ ಬಣ್ಣದಲ್ಲಿ. 1895ರಲ್ಲಿ ಅಲ್ಲಿಯ ಮರಾಠಾ ಸಿಪಾಯಿಗಳನ್ನು ಆಫ್ರಿಕಾದ ಮೊಜಾಂಬಿಕ್‌ಗೆ ಕಳಿಸಹೊರಟಾಗ ಅವರು ಹೋಗುವುದಿಲ್ಲ ಎಂದು ಬಂಡೆದ್ದರು. ಖಾನಾಪುರದ ಗಡಿಗೆ ತಾಗಿದ ಸತ್ತರಿಯ ರಾಣೆ ಮನೆತನದವರು ಅವರ ಜೊತೆ ಸೇರಿದರು. ನಂತರ 1961, ಗೋವಾ ವಿಮೋಚನೆಯ ವರ್ಷ. ಆ ಡಿಸೆಂಬರಿನಲ್ಲಿ ನಮ್ಮ ಸೈನ್ಯ ಬೆಳಗಾವಿಯ ಸುತ್ತ ನೆರೆಯಿತು, ಸಾಂಬ್ರಾ ವಿಮಾನ ನಿಲ್ದಾಣದಿಂದ ಹಂಟರ್ ವಿಮಾನಗಳು ಎದ್ದವು. ಗೋವಾದಲ್ಲಿದ್ದ ಪೋರ್ಚುಗೀಸ್ ಸೈನಿಕರು ಮೂರು ಸಾವಿರ ಚಿಲ್ಲರೆ. ಕೊನೆಯ ಉಸಿರಿನ ತನಕ ಹೋರಾಡಿ, ಶರಣಾಗಬೇಡಿ ಎಂದು ಲಿಸ್ಬನ್‌ನಿಂದ ಸರ್ವಾಧಿಕಾರಿ ಸಾಲಾಜಾರನ ಆಜ್ಞೆ. ಗವರ್ನರ್ ವಸ್ಸಾಲೊ ಇ ಸಿಲ್ವ ಆ ಆಜ್ಞೆ ಪಾಲಿಸದೆ ಡಿಸೆಂಬರ್ 19ರ ರಾತ್ರಿ ಶರಣಾದ. ಅದಕ್ಕಾಗಿ ಅವನ ದೇಶ ಅವನನ್ನು ಸೈನ್ಯದಿಂದ ಹೊರಹಾಕಿತು; 1974ರಲ್ಲಿ ಅಲ್ಲಿ ಸರಕಾರ ಬದಲಾದ ಮೇಲಷ್ಟೇ ಮಾನ ಮರಳಿತು. ಗೋವಾದಲ್ಲಿ ಸೈನ್ಯವಿತ್ತು ನಿಜ. ಅದು ಗೋವಾದವರದ್ದಾಗಿರಲಿಲ್ಲ.

ಸೈನ್ಯವೇ ಬೇಡ ಎನ್ನುವವರು ಕೋಸ್ಟಾರಿಕಾದ ಹೆಸರು ಹೇಳುತ್ತಾರೆ. ಹೇಳಬೇಕಾದ್ದೇ. 1948ರ ಡಿಸೆಂಬರ್ 1ರಂದು ಫಿಗೆರೆಸ್ ಎಂಬ ನಾಯಕ ರಾಜಧಾನಿಯ ಸೈನಿಕ ಠಾಣೆಯ ಗೋಡೆಗೆ ಸುತ್ತಿಗೆ ಏಟು ಹಾಕಿ ಸೈನ್ಯವನ್ನು ರದ್ದು ಮಾಡಿದ. ಆ ಠಾಣೆ ಇಂದು ವಸ್ತುಸಂಗ್ರಹಾಲಯ. ಆದರೆ ಕಥೆಯ ಉಳಿದ ಅರ್ಧವೂ ಗೊತ್ತಿರಲಿ. ಆತ ಸ್ವತಃ ಅಂತರ್ಯುದ್ಧ ಗೆದ್ದು ಬಂದವನು. ಸೈನ್ಯ ಇಲ್ಲವಾದರೆ ತನ್ನನ್ನು ಇಳಿಸುವವರೂ ಇಲ್ಲ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ಹತ್ತೇ ದಿನದಲ್ಲಿ ನಿಕರಾಗುವಾದ ಕಡೆಯಿಂದ ದಾಳಿಯಾಯಿತು, ಅಮೆರಿಕ ಖಂಡದ ದೇಶಗಳ ಒಕ್ಕೂಟ ನಡುವೆ ಬಂದು ತಡೆಯಿತು. 1955ರಲ್ಲಿ ಮತ್ತೆ ದಾಳಿ. ಆಗ ಅಮೆರಿಕ ನಾಲ್ಕು ಯುದ್ಧವಿಮಾನಗಳನ್ನು ಒಂದೊಂದು ಡಾಲರಿಗೆ ಮಾರಿತು! ಗಡಿಯ ನದಿಯ ತಗಾದೆ 2010ರಲ್ಲಿ ಎದ್ದಾಗ ಕೋಸ್ಟಾರಿಕಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಗೆದ್ದಿತು. ಅಂದರೆ ಸೈನ್ಯ ತೆಗೆದ ಜಾಗವನ್ನು ಖಾಲಿ ಬಿಡಲಿಲ್ಲ. ಕರಾರು, ಕೋರ್ಟು, ನಿಯಮಿತ ಚುನಾವಣೆ ಇವುಗಳಿಂದ ತುಂಬಿದರು. ಎಲ್ಲರಿಗೂ ಆ ಭಾಗ್ಯವಿಲ್ಲ. 1940ರ ಮೇ 10ರಂದು ತಟಸ್ಥ ಲಕ್ಸೆಂಬರ್ಗಿಗೆ ಜರ್ಮನಿ ನುಗ್ಗಿತು. ಅದೇ ದಿನ ಸೈನ್ಯವೇ ಇಲ್ಲದ ಐಸ್‌ಲ್ಯಾಂಡಿಗೆ ಬ್ರಿಟನ್ ಇಳಿಯಿತು. ಒಬ್ಬ ಕೆಟ್ಟವನು, ಇನ್ನೊಬ್ಬ ಒಳ್ಳೆಯವನು ಎಂದು ನಾವು ಓದುತ್ತೇವೆ. ಬಾಗಿಲು ತಟ್ಟುವ ಸೌಜನ್ಯ ಇಬ್ಬರಿಗೂ ಇರಲಿಲ್ಲ.

ಭೂತಾನ ನನಗೆ ಹೆಚ್ಚು ಉಪಯುಕ್ತ ಉದಾಹರಣೆ. ಅದರ ಸೈನ್ಯ ಪುಟ್ಟದು, ತರಬೇತಿ ನಮ್ಮದು. ಆದರೆ 2003ರ ಡಿಸೆಂಬರಿನಲ್ಲಿ ಅಸ್ಸಾಮಿನ ಉಗ್ರರ ಶಿಬಿರಗಳನ್ನು ತನ್ನ ಕಾಡಿನಿಂದ ಎಬ್ಬಿಸುವಾಗ ಆ ಕೆಲಸವನ್ನು ಅದು ತಾನೇ ಮಾಡಿತು, ದೊರೆಯೇ ಮುಂದೆ ನಿಂತು ಮಾಡಿಸಿದ. ನಾಲ್ಕು ವರ್ಷದಲ್ಲಿ, 2007ರಲ್ಲಿ, ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂಬ 1949ರ ಒಪ್ಪಂದದ ಮಾತು ಬಿದ್ದುಹೋಯಿತು. ಎರಡಕ್ಕೂ ನೇರ ಸಂಬಂಧವಿದೆ ಎಂದು ನಾನು ಪ್ರಮಾಣ ಮಾಡಲಾರೆ. ತನ್ನ ಮನೆಯನ್ನು ತಾನೇ ಗುಡಿಸಿದವನ ಮಾತಿಗೆ ತೂಕ ಬರುವುದಂತೂ ನಿಜ.

ಹಾಗಾಗಿ ನನ್ನ ತೀರ್ಮಾನ ಇದು. ಸಣ್ಣ ದೇಶಕ್ಕೆ ಗೆಲ್ಲುವ ಸೈನ್ಯ ಬೇಕಿಲ್ಲ. ಅದು ಸಿಗುವುದೂ ಇಲ್ಲ. ತನ್ನ ಜನರಿಗೆ ಉತ್ತರ ಕೊಡುವ ಒಂದು ಪುಟ್ಟ ಪಡೆ ಸಾಕು. ಅದೂ ಬೇಡವೆಂದರೆ ಕೋಸ್ಟಾರಿಕಾದ ಹಾಗೆ ಪೂರ್ತಿ ಬಿಟ್ಟು ನ್ಯಾಯದ ದಾರಿ ಹಿಡಿಯಲಿ. ಮಾಡಬಾರದ್ದು ಒಂದೇ, ಕಂತು ಕಟ್ಟಿ ಬೇರೆಯವರ ಪಲ್ಟನ್ನನ್ನು ಮನೆಯೊಳಗೆ ಇಟ್ಟುಕೊಳ್ಳುವುದು.

ಗಾಂಧಿಯನ್ನು ಮರೆತಿರಾ ಎಂದು ನಿಮ್ಮ ಅಧ್ಯಾಪಕರು ಕೇಳುವ ಮೊದಲೇ ಹೇಳುತ್ತೇನೆ, ಮರೆತಿಲ್ಲ. ಕಿತ್ತೂರು ಬಿದ್ದ ಡಿಸೆಂಬರಿಗೆ ಸರಿಯಾಗಿ ನೂರು ವರ್ಷವಾದಾಗ, 1924ರ ಡಿಸೆಂಬರಿನಲ್ಲಿ, ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದಕ್ಕೇ. ಕತ್ತಿ ಹಿಡಿದ ರಾಯಣ್ಣನ ಬಂಟರನ್ನೂ ಕತ್ತಿ ಬೇಡವೆಂದು ಹಿಂಡಲಗಾ ಜೈಲಿಗೆ ಹೋದ ಸತ್ಯಾಗ್ರಹಿಗಳನ್ನೂ ಎದುರುಬದುರು ನಿಲ್ಲಿಸುವುದು ನಮ್ಮ ಭಾಷಣಕಾರರ ಅಭ್ಯಾಸ. ಇಬ್ಬರಲ್ಲಿ ಯಾರೂ ಬಾಡಿಗೆಗೆ ಬಂದವರಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಪದವೀಧರರೆ, ನೀವು ಸಣ್ಣ ದೇಶದವರಲ್ಲ. 2025-26ರಲ್ಲಿ ಭಾರತ ರಕ್ಷಣೆಗೆ ತೆಗೆದಿಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ನಮ್ಮ ನೆರೆಯ ಸಣ್ಣವರು ನಮ್ಮನ್ನು ನೋಡುವುದು ಕಿತ್ತೂರು ಕಂಪನಿಯ ಪಲ್ಟನ್ನನ್ನು ನೋಡಿದ ಕಣ್ಣಿನಿಂದ. ಮಾಲ್ಡೀವ್ಸ್‌ನಲ್ಲಿ 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಅಧಿಕಾರ ಕಸಿಯಲು ನುಗ್ಗಿದಾಗ ಅಲ್ಲಿಯ ಅಧ್ಯಕ್ಷ ಕರೆದ, ನಮ್ಮ ಪ್ಯಾರಾ ಸೈನಿಕರು ಅಂದು ರಾತ್ರಿಯೇ ಇಳಿದರು, ಕೆಲಸ ಮುಗಿಸಿದರು. ಅದು ಹೆಮ್ಮೆಯ ಕೆಲಸ. ಅದೇ ದೇಶ 2024ರ ಮೇ ತಿಂಗಳೊಳಗೆ, ನೂರೂ ತುಂಬದ ನಮ್ಮ ಸೈನಿಕರನ್ನು ವಾಪಸು ಕರೆಸಿಕೊಳ್ಳಿ ಎಂದಿತು. ಕೃತಘ್ನರು ಎಂದು ನಮ್ಮಲ್ಲಿ ಎಷ್ಟೋ ಜನ ಬೈದರು. ಮೈಸೂರಿನ 1799ರ ಕಾಗದವನ್ನು ಓದಿದವರು ಹಾಗೆ ಬೈಯಲಾರರು. ಶ್ರೀಲಂಕೆಯಲ್ಲಿ 1987ರಿಂದ 1990ರ ತನಕ ಶಾಂತಿ ಕಾಯಲು ಹೋದ ನಮ್ಮವರಲ್ಲಿ ಸಾವಿರಕ್ಕೂ ಹೆಚ್ಚು ಜನ ಮಡಿದರು. ಅಲ್ಲಿಂದ ಹಿಂದಿರುಗುವಾಗ ಅಲ್ಲಿಯ ಎರಡೂ ಕಡೆಯವರಿಗೂ ನಾವು ಬೇಡವಾಗಿದ್ದೆವು.

ಭರ್ತಿಗೆ ಓಡುವವರು ಓಡಿ. ಆ ಕೆಲಸ ಗೌರವದ್ದು. ನಿಮ್ಮಲ್ಲಿ ಉಳಿದವರು ಮಾಸ್ತರರಾಗುತ್ತೀರಿ, ಪತ್ರಕರ್ತರಾಗುತ್ತೀರಿ, ಕೆಲವರು ಕಚೇರಿಗೆ, ಒಬ್ಬಿಬ್ಬರು ಚುನಾವಣೆಗೂ ಹೋಗುತ್ತೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಕ್ಯಾಂಪಿನಿಂದ ಹೊರಟ ಹುಡುಗನೊಬ್ಬ ಇನ್ನೊಂದು ದೇಶದ ನೆಲದಲ್ಲಿ ನಿಂತಿದ್ದಾನೆ ಎಂಬ ಸುದ್ದಿ ಬಂದ ದಿನ ಮೂರು ಪ್ರಶ್ನೆ ಕೇಳಿ: ಅವನನ್ನು ಕರೆದವರು ಯಾರು, ಯಾವ ಕಾಗದದ ಮೇಲೆ, ಅವನು ಮರಳುವುದು ಯಾವಾಗ. ಉತ್ತರ ಸಿಗುವ ತನಕ ಕೇಳುತ್ತಲೇ ಇರಿ.