ಫೋನಿನ ಆ ಕಡೆಯವರು

(ನಮ್ಮ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಹೇಳಿದ್ದು, "ನೀನು ಎಲೆಕ್ಟ್ರಿಷಿಯನ್ ಅಲ್ವಾ, ಸೇಫ್ಟಿ ಬಗ್ಗೆ ಹತ್ತು ನಿಮಿಷ ಮಾತಾಡು" ಅಂತ. ಆದರೆ ಅರ್ಥಿಂಗ್, ಹೆಲ್ಮೆಟ್, ಗ್ಲೌಸು, ಇವನ್ನೆಲ್ಲ ದಿನಾ ಬೆಳಿಗ್ಗೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಕೇಳಿ ಕೇಳಿ ನಿಮಗೆ ಸಾಕಾಗಿದೆ. ಅದಕ್ಕೇ ನಾನು ಬೇರೆ ಒಂದು ವಿಷಯ ತಗೊಂಡಿದ್ದೇನೆ. ಎಲ್ಲ ಎಚ್ಚರಿಕೆ ಮೀರಿ ಅವಘಡ ಆಗಿಯೇ ಹೋದಾಗ, 998 ಅಥವಾ 999 ಒತ್ತಿದರೆ ಆ ಕಡೆ ಫೋನ್ ಎತ್ತುವವರು ಇದ್ದಾರಲ್ಲ, ಅವರ ಬಗ್ಗೆ. ಇಂಗ್ಲಿಷಿನಲ್ಲಿ ಡಿಸ್ಪ್ಯಾಚರ್ ಅಂತಾರೆ. ನಾವು ಕಂಟ್ರೋಲ್ ರೂಮಿನವರು ಅನ್ನೋಣ.

ಆಂಬುಲೆನ್ಸ್ ಡ್ರೈವರ್ ಕಾಣುತ್ತಾನೆ. ನರ್ಸ್ ಕಾಣುತ್ತಾರೆ. ಬೆಂಕಿ ಆರಿಸುವವರು ಕಾಣುತ್ತಾರೆ, ಪೇಪರಿನಲ್ಲಿ ಫೋಟೋನೂ ಬರುತ್ತೆ. ಇವರು ಮಾತ್ರ ಕಾಣುವುದಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ಜನ ಹೊಗಳುವುದು ದೀಪವನ್ನ. ಗೋಡೆಯೊಳಗೆ ಕಾಂಡ್ಯೂಟಿನಲ್ಲಿ ಎಳೆದ ವೈರನ್ನು ಯಾರೂ ಕೇಳುವುದಿಲ್ಲ.

ಮೊದಲು ಸ್ವಲ್ಪ ಇತಿಹಾಸ ಹೇಳುತ್ತೇನೆ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿತ್ತು. ಐದು ಜನ ಹೆಂಗಸರು ಸತ್ತರು. ಎದುರು ಮನೆಯಾತ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದರೆ, ಟೆಲಿಫೋನ್ ಎಕ್ಸ್‌ಚೇಂಜಿನ ಸಾಲಿನಲ್ಲಿ ಎಲ್ಲರ ಹಾಗೆ ಕಾಯಬೇಕಾಯಿತು. ಆತ ಪತ್ರಿಕೆಗೆ ಬರೆದ, ಗಲಾಟೆ ಆಯಿತು, ವಿಚಾರಣೆ ಆಯಿತು. 1937ರ ಜೂನ್ 30ರಂದು 999 ಶುರುವಾಯಿತು. ಯಾರಾದರೂ ಆ ನಂಬರ್ ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹತ್ತಿ ಹಾರ್ನ್ ಕೂಗುತ್ತಿತ್ತು. ಆಪರೇಟರ್ ಉಳಿದ ಕರೆಗಳನ್ನು ಬಿಟ್ಟು ಅದನ್ನೇ ಮೊದಲು ತಗೊಳ್ಳುತ್ತಿದ್ದರು.

111 ಯಾಕೆ ಇಡಲಿಲ್ಲ ಗೊತ್ತಾ? ಇದು ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಖುಷಿ ಕೊಡುವ ವಿಷಯ. ಆಗಿನ ಡಯಲ್ ಫೋನು ಸರ್ಕ್ಯೂಟನ್ನು ಕಡಿದು ಕಡಿದು ಅಂಕಿ ಎಣಿಸುತ್ತಿತ್ತು. ಒಂದು ಸಲ ಕಡಿದರೆ 1, ಒಂಬತ್ತು ಸಲ ಕಡಿದರೆ 9. ಕಂಬದ ಮೇಲಿನ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದರೂ 111 ತಾನಾಗಿಯೇ ಹೋಗಿಬಿಡುತ್ತಿತ್ತು. 9 ಆದರೆ ಹಾಗಾಗುವುದಿಲ್ಲ. ಹೊಗೆಯಲ್ಲಿ, ಕತ್ತಲಲ್ಲಿ ಬೆರಳಾಡಿಸಿದರೂ ಡಯಲಿನ ಕೊನೆಯಿಂದ ಎರಡನೇ ತೂತು ಅಂತ ಸಿಗುತ್ತೆ. ನಂಬರ್ ಆರಿಸಿದವರು ಗಾಬರಿಯಲ್ಲಿರುವ ಮನುಷ್ಯನ ಬೆರಳನ್ನು ಲೆಕ್ಕಕ್ಕೆ ಹಿಡಿದಿದ್ದರು ಅಂತ ಅರ್ಥ.

ನಾವಿರುವ ಈ ದೇಶದಲ್ಲಿಯೂ ಪೊಲೀಸಿಗೆ 999. ಆಂಬುಲೆನ್ಸಿಗೆ 998, ಬೆಂಕಿಗೆ 997. ದುಬೈನಲ್ಲಿ ಕರೆಂಟು, ನೀರಿನ ತುರ್ತಿಗೆ ದೇವಾದ 991. ನಮ್ಮ ಕರ್ನಾಟಕದಲ್ಲಿ 108 ಆಂಬುಲೆನ್ಸ್ 'ಆರೋಗ್ಯ ಕವಚ' ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ. ಹಾಗಾಗಿ ಈ ವೇದಿಕೆಯಲ್ಲಿ ಈ ಮಾತು ಆಡಿದರೆ ತಪ್ಪೇನಿಲ್ಲ ಅಂದುಕೊಂಡಿದ್ದೇನೆ.

ಈಗ ಕಹಿ ವಿಷಯ. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಬ್ಲಾಕಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಣ್ಣ ಇದ್ದರು. ರಾತ್ರಿ ಎದೆ ಉರಿ ಅಂದರು. ಗ್ಯಾಸು ಅಂತ ಈನೋ ಕುಡಿದು ಮಲಗಿದರು. ಎರಡು ಗಂಟೆಗೆ ಬೆವರು ಸುರಿಯಿತಂತೆ, ಎಡಗೈ ನೋವು ಅಂದರಂತೆ. ರೂಮಿನವರು ಆರು ಜನ. ಎಲ್ಲರ ಕೈಯಲ್ಲೂ ಫೋನ್ ಇತ್ತು. "ಆಂಬುಲೆನ್ಸ್ ಕರೆದರೆ ಪೊಲೀಸ್ ಬರ್ತಾರಾ? ಕ್ಯಾಂಪ್ ಬಾಸ್ ಏನಂತಾನೆ? ಅವರ ಭಾಷೆ ನಮಗೆ ಬರಲ್ಲ, ಏನು ಹೇಳೋದು?" ಹೀಗೇ ಮಾತಾಡಿಕೊಂಡು ಬೆಳಗಾಯಿತು. ಬೆಳಗ್ಗೆ ಅವರು ಏಳಲಿಲ್ಲ. ಊರಿಗೆ ಪೆಟ್ಟಿಗೆ ಹೋಯಿತು.

ಆ ಆರು ಜನರನ್ನು ನಾನು ಬೈಯುವುದಿಲ್ಲ. ಅವರು ಕೆಟ್ಟವರಲ್ಲ, ಹೆದರಿದವರು. ಫೋನಿನ ಆ ಕಡೆ ಯಾರಿದ್ದಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನೇ ಇವತ್ತು ನಾನು ಹೇಳಬೇಕು.

2021ರ ಜುಲೈ. ದುಬೈನ ಒಂದು ಕಟ್ಟಡ, ಇನ್ನೂ ಪೂರ್ತಿ ಆಗಿರಲಿಲ್ಲ. ಮಧ್ಯಾಹ್ನದ ವಿರಾಮ ಮುಗಿದು ಮೂರು ಗಂಟೆಗೆ ಕೆಲಸ ಶುರುವಾಗಿತ್ತು. ಎರಡನೇ ಬೇಸ್‌ಮೆಂಟಿನಲ್ಲಿ ಬಿಹಾರದ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು, ಒದ್ದೆ ನೆಲದಲ್ಲಿ ಗ್ರೈಂಡಿಂಗ್ ಮಷಿನ್ ಹಿಡಿದಿದ್ದ. ಕೇಬಲ್ ಸಿಪ್ಪೆ ಎದ್ದಿತ್ತು. ಟೆಂಪರರಿ ಡಿಬಿಯಲ್ಲಿ ಇಎಲ್‌ಸಿಬಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಅದನ್ನು ಬೈಪಾಸ್ ಮಾಡಿಟ್ಟಿದ್ದರು. ಕೂಗು ಕೇಳಿ ನಾನು ಓಡಿಹೋಗಿ ಐಸೊಲೇಟರ್ ಇಳಿಸುವಷ್ಟರಲ್ಲಿ ಹುಡುಗ ಬಿದ್ದಿದ್ದ. ಉಸಿರಿಲ್ಲ.

"ಪಿಕಪ್‌ನಲ್ಲಿ ಹಾಕಿ ಕ್ಲಿನಿಕ್‌ಗೆ ಒಯ್ಯೋಣ, ಫೋನ್ ಬೇಡ" ಅಂದ ಫೋರ್‌ಮನ್. ನಮ್ಮ ಜೊತೆಗಿದ್ದ ಕಾಸರಗೋಡಿನ ಪ್ಲಂಬರ್ ಅವನ ಮಾತು ಕೇಳಲಿಲ್ಲ. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇಲ್ಲ. ರ‍್ಯಾಂಪ್ ಹತ್ತಿ 998 ಒತ್ತಿದ. ಎತ್ತಿದ್ದು ಒಂದು ಹೆಣ್ಣು ದನಿ. ಇಂಗ್ಲಿಷಿನಲ್ಲಿ ಶುರು ಮಾಡಿ, ಇವನ ಇಂಗ್ಲಿಷ್ ಕೇಳಿ ತಕ್ಷಣ ಉರ್ದುಗೆ ತಿರುಗಿದರಂತೆ. ಮೊದಲ ಪ್ರಶ್ನೆ, ಏನಾಯಿತು ಅಂತ ಅಲ್ಲ. ಎಲ್ಲಿದ್ದೀರಿ ಅಂತ.

ಎಲ್ಲಿದ್ದೇವೆ? ನಮಗೆ ಗೊತ್ತಿದ್ದದ್ದು ಪ್ರಾಜೆಕ್ಟ್ ನಂಬರ್ ಮಾತ್ರ. ಬಸ್ಸಿನಲ್ಲಿ ಬರುತ್ತೇವೆ, ಬಸ್ಸಿನಲ್ಲಿ ಹೋಗುತ್ತೇವೆ. ಆಗ ಆಕೆ ಕೇಳಿದರು, "ಪಕ್ಕದ ಕಟ್ಟಡದ ಬಾಗಿಲ ಹತ್ತಿರ ಒಂದು ಫಲಕ ಇರುತ್ತೆ, ಹತ್ತು ಅಂಕಿಯ ನಂಬರ್, ಓದಿ." ಅದೇ ಮಕಾನಿ ನಂಬರ್. ದುಬೈನಲ್ಲಿ ಎಲ್ಲ ಕಟ್ಟಡಕ್ಕೂ ಇರುತ್ತೆ. ನಾವು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆವು. ಪ್ಲಂಬರ್ ಓಡಿ ಹತ್ತು ಅಂಕಿ ಓದಿದ.

ಆಮೇಲೆ ಆಕೆ ಫೋನ್ ಇಡಲಿಲ್ಲ. ಅದು ಮುಖ್ಯ. ಉಸಿರಾಡುತ್ತಿದ್ದಾನಾ, ಕರೆದರೆ ಓಗೊಡುತ್ತಾನಾ, ಕರೆಂಟ್ ಪೂರ್ತಿ ಬಂದ್ ಆಗಿದೆಯಾ, ಒಂದಾದ ಮೇಲೊಂದು ಪ್ರಶ್ನೆ. ಪ್ಲಂಬರ್ ರ‍್ಯಾಂಪಿನ ಮೇಲೆ, ಒಬ್ಬ ಹೆಲ್ಪರ್ ಮಧ್ಯದ ತಿರುವಿನಲ್ಲಿ, ನಾವು ಕೆಳಗೆ. ಆಕೆ ಹೇಳಿದ್ದನ್ನು ಇವನು ಕೂಗುತ್ತಾನೆ, ಅದನ್ನು ಅವನು ನಮಗೆ ಕೂಗುತ್ತಾನೆ. ಅಂಗಾತ ಮಲಗಿಸಿ. ಎದೆಯ ಮಧ್ಯೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಜೋರಾಗಿ ಒತ್ತಿ, ಬೇಗ ಬೇಗ. "ಏಕ್, ದೋ, ತೀನ್, ಚಾರ್" ಅಂತ ಆಕೆ ಎಣಿಸುತ್ತಿದ್ದರೆ ಅದೇ ಎಣಿಕೆ ರ‍್ಯಾಂಪ್ ಇಳಿದು ನಮ್ಮ ಕೈಗೆ ಬರುತ್ತಿತ್ತು. ನನ್ನ ಕೈ ಸೋತಾಗ, "ಆಳು ಬದಲಾಯಿಸಿ, ನಿಲ್ಲಿಸಬೇಡಿ" ಅಂತ ಮೇಲಿನಿಂದ ಬಂತು. ಆಕೆ ನಮ್ಮನ್ನು ನೋಡುತ್ತಿರಲಿಲ್ಲ. ಆದರೂ ಎರಡು ನಿಮಿಷ ಆಯಿತು, ಒತ್ತುವವನು ಸೋತಿರುತ್ತಾನೆ ಅಂತ ಆಕೆಗೆ ಗೊತ್ತಿತ್ತು.

ಆಂಬುಲೆನ್ಸ್ ಬಂದು ಶಾಕ್ ಮಷಿನ್ ಹಚ್ಚಿದರು. ಹುಡುಗ ಬದುಕಿದ. ಮೂರು ವಾರ ಆಸ್ಪತ್ರೆಯಲ್ಲಿದ್ದು ಊರಿಗೆ ಹೋದ. ಈಗ ಅಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಈದ್‌ಗೆ ಮೆಸೇಜ್ ಹಾಕುತ್ತಾನೆ.

ಆದರೆ ಒಂದು ಮಾತು. ಅವನು ಬದುಕಿದ್ದು ನನಗೆ ಗೊತ್ತು, ಪ್ಲಂಬರ್‌ಗೆ ಗೊತ್ತು. ಆ ದನಿಯವರಿಗೆ ಗೊತ್ತಿಲ್ಲ. ಆಂಬುಲೆನ್ಸ್ ತಲುಪಿತು ಅಂದ ಕೂಡಲೇ ಅವರ ಕರೆ ಮುಗಿಯಿತು, ಮುಂದಿನ ಕರೆ ಬಂತು. ಈ ಕೆಲಸದಲ್ಲಿ ಬಹಳಷ್ಟು ಸಲ ಹೀಗೇ. ಅರಚಾಟ, ಅಳು ಎಲ್ಲ ಕಿವಿಯಲ್ಲಿ ಉಳಿಯುತ್ತೆ, ಕೊನೆಗೆ ಏನಾಯಿತು ಅನ್ನೋದು ಮಾತ್ರ ಸಿಗುವುದಿಲ್ಲ.

ಹೀಗೆ ಫೋನಿನಲ್ಲೇ ಎದೆ ಒತ್ತುವುದನ್ನು ಹೇಳಿಕೊಡುವ ಪದ್ಧತಿ ಮೊದಲಿಂದ ಇರಲಿಲ್ಲ. ಅಮೆರಿಕದ ಸಿಯಾಟಲ್ ಸುತ್ತಮುತ್ತ 1980ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. ಹೃದಯ ನಿಂತಾಗ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತೆ. ಗಾಡಿ ಎಷ್ಟೇ ಜೋರಾಗಿ ಬಂದರೂ ಕೆಲವು ನಿಮಿಷ ಬೇಕೇ ಬೇಕು. ಆ ನಿಮಿಷಗಳನ್ನು ತುಂಬುವವರು ಇವರು.

ಇನ್ನು 2024ರ ಏಪ್ರಿಲ್ 16 ನಿಮಗೆಲ್ಲ ನೆನಪಿದೆ. ಅಲ್ ಐನ್ ಹತ್ತಿರ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆ. ಆಗುಂಬೆಯವರು ನಗಬಹುದು, ಆದರೆ ಈ ದೇಶದಲ್ಲಿ 1949ರಿಂದ ಲೆಕ್ಕ ಇಟ್ಟ ಮೇಲೆ ಇಷ್ಟು ಮಳೆ ಬಂದದ್ದೇ ಇಲ್ಲ. ಶೇಖ್ ಜಾಯೆದ್ ರೋಡಿನಲ್ಲೇ ಕಾರುಗಳು ನೀರಿನಲ್ಲಿ ನಿಂತವು. ನಾವು ನೋಡಿಕೊಳ್ಳುವ ಕಟ್ಟಡದ ಎಲ್‌ವಿ ರೂಮಿಗೆ ನೀರು ಬರುತ್ತಿತ್ತು. 991 ಸಿಗಲು ಬಹಳ ಹೊತ್ತು ಆಯಿತು. ಎತ್ತಿದವರ ಗಂಟಲು ಬಿದ್ದುಹೋಗಿತ್ತು. ಆದರೂ ಮೊದಲು ಕೇಳಿದ್ದು, "ನೀರಿನಲ್ಲಿ ಯಾರಾದರೂ ನಿಂತಿದ್ದಾರಾ? ಮೊದಲು ಅವರನ್ನು ಹೊರಗೆ ಕರೆಯಿರಿ." ಪ್ಯಾನೆಲ್ ವಿಷಯ ಆಮೇಲೆ. ಅವರ ಮನೆಗೂ ನೀರು ನುಗ್ಗಿರಬಹುದು. ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ನೂರು ಕಡೆಯಿಂದ ಕರೆ ಬಂದಾಗ ಯಾವುದು ಮೊದಲು, ಯಾವುದು ಕಾಯಬಹುದು ಅಂತ ನಿರ್ಧರಿಸುವುದು ಸಣ್ಣ ಹೊರೆ ಅಲ್ಲ.

ಅಮೆರಿಕದಲ್ಲಿ ಏಪ್ರಿಲ್ ತಿಂಗಳ ಒಂದು ವಾರವನ್ನು ಇವರಿಗೆ ಧನ್ಯವಾದ ಹೇಳಲು ಇಟ್ಟಿದ್ದಾರೆ. 1981ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಶೆರಿಫ್ ಕಚೇರಿಯಲ್ಲಿ ಶುರುವಾದದ್ದು. 2024ರಲ್ಲಿ ಆ ವಾರ 14ರಿಂದ 20ರವರೆಗೆ, ಅಂದರೆ ನಮ್ಮ ಮಳೆಯ ವಾರವೇ. ಆದರೆ ಅದೇ ದೇಶದ ಸರ್ಕಾರ 2018ರ ಉದ್ಯೋಗಗಳ ಪಟ್ಟಿಯಲ್ಲಿ ಇವರನ್ನು ಪೊಲೀಸರ ಜೊತೆ ಇಡದೆ ಕಚೇರಿ ಗುಮಾಸ್ತರ ಸಾಲಿಗೇ ಹಾಕಿತು. ಇದು ನಮಗೆ ಬೇಗ ಅರ್ಥ ಆಗುತ್ತೆ ಅಲ್ವಾ? ನನ್ನ ಮೊದಲ ವೀಸಾದಲ್ಲಿ ಹೆಲ್ಪರ್ ಅಂತ ಇತ್ತು. ಮಾಡಿದ್ದು ಪ್ಯಾನೆಲ್ ಬೋರ್ಡಿನ ಕೆಲಸ. ಇಲ್ಲಿ ಕೂತವರಲ್ಲಿ ಎಷ್ಟು ಜನರ ಕಾರ್ಡಿನಲ್ಲಿ ಒಂದು ಹೆಸರು, ಕೈಯಲ್ಲಿ ಇನ್ನೊಂದು ಕೆಲಸ ಇಲ್ಲ? ಹೆಸರು ಚಿಕ್ಕದಾದರೆ ಕೆಲಸವೂ ಚಿಕ್ಕದು ಅಂತ ಜನ ತಿಳಿಯುತ್ತಾರೆ. ಹಾಗಲ್ಲ ಅಂತ ಬಾಯಿಬಿಟ್ಟು ಹೇಳಬೇಕಾದವರು ನಾವೇ.

ಊರಿನ ಮಾತೂ ಒಂದಿದೆ. ನಮ್ಮದು ಹಿರೇಕೆರೂರು ತಾಲೂಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಕೊಡುವುದು ನಿಮಗೆ ಗೊತ್ತು. ಗೋವಿನಜೋಳಕ್ಕೆ ನೀರು ಹಾಯಿಸಲು ಹೋದ ಅಪ್ಪನಿಗೆ ಹಾವು ಕಡಿಯಿತು. ಅವ್ವ ನನಗೆ ಫೋನ್ ಮಾಡಿದಳು. ಇಲ್ಲಿಂದ 108 ಒತ್ತಿದರೆ ಹೋಗುವುದಿಲ್ಲ, ಅದಕ್ಕೆ ಅವ್ವನಿಗೇ ಮಾಡಲು ಹೇಳಿದೆ. ಆಮೇಲೆ ಅವ್ವ ಹೇಳಿದ್ದು: "ಆ ಹುಡುಗಿ ನನ್ನ ಕೂಡ ಮಾತಾಡಿಕೋತನ ಇದ್ಲು. ಹಗ್ಗ ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಕಾಲು ಅಲುಗಾಡಿಸಬ್ಯಾಡ್ರಿ ಅಂದ್ಲು. ಹನುಮಪ್ಪನ ಗುಡಿ ಹತ್ರ ಒಬ್ರು ಬ್ಯಾಟರಿ ಹಿಡಕೊಂಡು ನಿಂದರ್ರಿ ಅಂದ್ಲು." ಅಷ್ಟು ಹೊತ್ತಿಗೆ ಮಂತ್ರ ಹಾಕಿಸಲು ಹೊರಟಿದ್ದರು ನಮ್ಮ ದೊಡ್ಡಪ್ಪ. ಅಪ್ಪ ಉಳಿದ. ಎಡಗಾಲು ಈಗಲೂ ಊದುತ್ತೆ.

ಹಾಗಾದರೆ ಇವರಿಗೆ ನಾವು ಮರ್ಯಾದೆ ಸಲ್ಲಿಸುವುದು ಹೇಗೆ? ಶಾಲು ಹೊದಿಸಲು ಅವರು ಸಿಗುವುದಿಲ್ಲ. ಅವರ ಕೆಲಸ ಹಗುರ ಮಾಡುವುದೇ ಮರ್ಯಾದೆ.

ಒಂದು, ನೀವಿರುವ ಜಾಗ ನಿಮಗೆ ಗೊತ್ತಿರಲಿ. ಕ್ಯಾಂಪಿನ, ಸೈಟಿನ ಮಕಾನಿ ನಂಬರ್ ಈ ರಾತ್ರಿಯೇ ಬಾಗಿಲ ಹಿಂದೆ ಬರೆದು ಅಂಟಿಸಿ. ಎರಡು, ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ. ಜಾಗ ಗೊತ್ತಾದ ಮೇಲೆ ನೀವು ಉತ್ತರ ಹೇಳುತ್ತಿರುವಾಗಲೇ ಗಾಡಿ ಹೊರಡಿಸುವ ಕೆಲಸ ನಡೆಯುತ್ತಿರುತ್ತೆ. ಮೂರು, ಅವರು ಇಡಿ ಅನ್ನುವವರೆಗೆ ಫೋನ್ ಇಡಬೇಡಿ. ನಾಲ್ಕು, ಭಾಷೆ ಬರಲ್ಲ ಅಂತ ಸುಮ್ಮನಿರಬೇಡಿ. ಹರಕು ಹಿಂದಿಯೂ ಸಾಕು, ಅರ್ಥ ಮಾಡಿಕೊಳ್ಳುವುದು ಅವರ ವಿದ್ಯೆ. ಐದು, ತಮಾಷೆಗೆ ಆ ನಂಬರ್ ಒತ್ತಬೇಡಿ. ಅದು ಅಪರಾಧ. ಜೊತೆಗೆ ಆ ಹೊತ್ತಿಗೆ ಯಾರದೋ ಎದೆ ನಿಂತಿರಬಹುದು. ಆರು, ಊರಿನಲ್ಲಿ ಅಪ್ಪ ಅವ್ವನ ಫೋನಿನ ಹಿಂದೆ 108, 112 ಅಂತ ದೊಡ್ಡದಾಗಿ ಬರೆಸಿ. ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ತಿರ ಇರಲಿ.

ಕಾರ್ಯದರ್ಶಿಗಳ ಹತ್ತಿರ ನನ್ನದೊಂದು ಬೇಡಿಕೆ. ಮುಂದಿನ ಸಲ ಬಿರಿಯಾನಿ ಒಂದು ಐಟಂ ಕಡಿಮೆ ಆದರೂ ಪರವಾಗಿಲ್ಲ, ಎದೆ ಒತ್ತುವುದನ್ನು ಕಲಿಸುವ ಗೊಂಬೆ ತರಿಸಿ ಒಂದು ಗಂಟೆ ತರಬೇತಿ ಇಡಿ. ಫೋನಿನ ಆ ಕಡೆಯವರು ಹೇಳಿದಾಗ ಈ ಕಡೆಯ ಕೈಗಳು ತಯಾರಿರಲಿ.

 ಈಗ ಎಲ್ಲರೂ ಫೋನ್ ತೆಗೆದು 998 ಸೇವ್ ಮಾಡಿಕೊಳ್ಳಿ, ಆಮೇಲೆ ಊಟಕ್ಕೆ ಏಳೋಣ. ಜೈ ಕರ್ನಾಟಕ.